ಸುದ್ದಿ ತೆಗೆಯಿರಿ ಅಂತ ಫೋನ್ ಬಂದರೆ ಏನು ಮಾಡಬೇಕು?

ತಾಲ್ಲೂಕು ಮಟ್ಟದಲ್ಲಿ ಸುದ್ದಿಯ ಮೇಲಿನ ಒತ್ತಡ ಸಾಮಾನ್ಯವಾಗಿ ಒಂದು ಫೋನ್ ಕರೆಯಿಂದಲೇ ಶುರುವಾಗುತ್ತದೆ. ಶಾಸಕರ ಪಿಎ ಮಾಡುತ್ತಾರೆ, ಇಲ್ಲಾಂದ್ರೆ ನಿಮಗೆ ಬೇಕಾದವರೇ ಒಬ್ಬರು "ಸಾಹೇಬ್ರಿಗೆ ಸ್ವಲ್ಪ ಬೇಜಾರಾಗಿದೆ, ಆ ವಿಡಿಯೊ ತೆಗೆದುಬಿಡಿ" ಅನ್ನುತ್ತಾರೆ. ತೆಗೆಯದಿದ್ದರೆ ಜಾಹೀರಾತು ನಿಲ್ಲುತ್ತದೆ. ಅದಕ್ಕೂ ಬಗ್ಗದಿದ್ದರೆ ವಕೀಲರ ನೋಟಿಸು, ಠಾಣೆಯಿಂದ ಕರೆ, ಕೊನೆಗೆ ಎಫ್‌ಐಆರ್. ಬೆಂಗಳೂರಿನ ದೊಡ್ಡ ಪತ್ರಿಕೆಗೆ ಇದನ್ನೆಲ್ಲ ನೋಡಿಕೊಳ್ಳಲು ವಕೀಲರಿರುತ್ತಾರೆ. ಜೇವರ್ಗಿಯಲ್ಲೋ ಪಾವಗಡದಲ್ಲೋ ಕೂತು ವಾರಪತ್ರಿಕೆ ನಡೆಸುವವರಿಗೆ, ಒಂದು ಮೊಬೈಲು ಒಂದು ಮೈಕು ಇಟ್ಟುಕೊಂಡು ಯೂಟ್ಯೂಬ್ ಚಾನೆಲ್ ಮಾಡುವವರಿಗೆ, ಸಂಬಳವೇ ಇಲ್ಲದೆ ದಿನಪತ್ರಿಕೆಗೆ ಸುದ್ದಿ ಕಳಿಸುವ ಅರೆಕಾಲಿಕ ವರದಿಗಾರರಿಗೆ ಯಾರೂ ಇರುವುದಿಲ್ಲ. ಈ ಬರಹ ಅವರಿಗಾಗಿ.

ಇದು ಯಾವುದೋ ಒಂದು ಪಕ್ಷದ ಚಾಳಿ ಅಂದುಕೊಳ್ಳಬೇಡಿ. 2017ರ ಜೂನ್‌ನಲ್ಲಿ, ಕಾಂಗ್ರೆಸ್ ಸರ್ಕಾರ ಇದ್ದಾಗ, ಶಾಸಕರ ಬಗ್ಗೆ ಬರೆದ ಲೇಖನಗಳಿಗಾಗಿ 'ಹಾಯ್ ಬೆಂಗಳೂರ್' ಸಂಪಾದಕ ರವಿ ಬೆಳಗೆರೆ ಮತ್ತು 'ಯಲಹಂಕ ವಾಯ್ಸ್'ನ ಅನಿಲ್ ರಾಜು ಅವರಿಗೆ ನಮ್ಮ ವಿಧಾನಸಭೆಯೇ ಹಕ್ಕುಚ್ಯುತಿ ಹೆಸರಲ್ಲಿ ಒಂದು ವರ್ಷ ಜೈಲು, 10 ಸಾವಿರ ರೂಪಾಯಿ ದಂಡ ವಿಧಿಸಿತು. 2019ರ ಅಕ್ಟೋಬರ್‌ನಲ್ಲಿ, ಬಿಜೆಪಿ ಸರ್ಕಾರ ಬಂದ ಮೇಲೆ, ವಿಧಾನಸಭೆಯ ಒಳಗೆ ಖಾಸಗಿ ಟಿವಿ ಕ್ಯಾಮೆರಾಗಳಿಗೆ ಬಾಗಿಲು ಮುಚ್ಚಿತು. 2020ರಲ್ಲಿ ಆಗಿನ ಮುಖ್ಯಮಂತ್ರಿ ಕುಟುಂಬದ ಮೇಲಿನ ಆರೋಪಗಳನ್ನು ಪ್ರಸಾರ ಮಾಡುತ್ತಿದ್ದ ಪವರ್ ಟಿವಿ ಕಚೇರಿ ಮೇಲೆ ಸಿಸಿಬಿ (ಬೆಂಗಳೂರು ಪೊಲೀಸರ ಕೇಂದ್ರ ಅಪರಾಧ ವಿಭಾಗ) ದಾಳಿಯಾಯಿತು. ಸರ್ವರ್ ವಶಕ್ಕೆ ಹೋಗಿ ಚಾನೆಲ್ಲೇ ನಿಂತಿತು. ಅದೇ ಚಾನೆಲ್ 2024ರಲ್ಲಿ ಮತ್ತೆ ನಿಂತಿತು. ಆಗ ಕಾರಣ ಲೈಸೆನ್ಸ್ ನವೀಕರಣ, ಕೋರ್ಟಿಗೆ ಹೋದವರಲ್ಲಿ ಜೆಡಿಎಸ್ ಮುಖಂಡರೂ ಇದ್ದರು, ಒಬ್ಬ ಹಿರಿಯ ಪೊಲೀಸ್ ಅಧಿಕಾರಿಯೂ ಇದ್ದರು. ಆ ಜುಲೈನಲ್ಲಿ ಸುಪ್ರೀಂ ಕೋರ್ಟ್ ಪ್ರಸಾರ ನಿಷೇಧಕ್ಕೆ ತಡೆ ಕೊಟ್ಟಿತು, ಇದು ರಾಜಕೀಯ ಸೇಡಿನಂತೆ ಕಾಣುತ್ತದೆ ಅಂತಲೂ ಹೇಳಿತು. ಪಕ್ಷ ಯಾವುದಾದರೂ ಆಗಲಿ, ಕುರ್ಚಿ ಮೇಲೆ ಕೂತವರಿಗೆ ಪ್ರಶ್ನೆ ಇಷ್ಟವಾಗುವುದಿಲ್ಲ.

ಮುಂದೆ ಹೇಳುವ ಎಲ್ಲದರ ಹಿಂದೆ ಇರುವುದು ಒಂದೇ ಮಾತು: ಬಾಯಿಮಾತಲ್ಲಿ ಬಂದ ಒತ್ತಡವನ್ನು ಕಾಗದಕ್ಕೆ ಇಳಿಸಿ. ಬೆದರಿಸುವವರಿಗೆ ಬೇಕಾಗಿರುವುದು ದಾಖಲೆ ಇಲ್ಲದ ಮಾತು. ಬರೆದು ಕೊಡಿ ಅಂದ ತಕ್ಷಣ ಅರ್ಧ ಜನ ಹಿಂದೆ ಸರಿಯುತ್ತಾರೆ. ಉಳಿದ ಅರ್ಧ ಜನ ಬರೆದೇ ಕೊಟ್ಟರೆ ನಿಮ್ಮ ಕೈಯಲ್ಲಿ ಸಾಕ್ಷಿ ಇರುತ್ತದೆ.

ಮೊದಲ ಹೆಜ್ಜೆ: ಪ್ರಕಟಿಸುವ ಮುಂಚೆ ಫೈಲು ಮಾಡಿ

ಮುಕ್ಕಾಲು ಪಾಲು ರಕ್ಷಣೆ ಇಲ್ಲೇ ಇದೆ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯಾರ ಮೇಲಾದರೂ ಆರೋಪ ಬರುವ ಸುದ್ದಿ ಆದರೆ ಅದಕ್ಕೆ ಒಂದು ಪ್ರತ್ಯೇಕ ಫೋಲ್ಡರ್ ಮಾಡಿ. ಅದರಲ್ಲಿ ದಾಖಲೆಗಳ ಪ್ರತಿ, ಆರ್‌ಟಿಐ ಉತ್ತರ, ಯಾರ ಹತ್ತಿರ ಯಾವಾಗ ಮಾತಾಡಿದಿರಿ ಅನ್ನುವ ಟಿಪ್ಪಣಿ, ಎಡಿಟ್ ಮಾಡದ ಮೂಲ ವಿಡಿಯೊ ಎಲ್ಲ ಇರಲಿ. ಮೂಲ ವಿಡಿಯೊ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ವಾಟ್ಸಾಪ್‌ನಲ್ಲಿ ಆಫೀಸಿಗೆ ಕಳಿಸಿ ಫೋನಿನಿಂದ ಅಳಿಸುವ ಅಭ್ಯಾಸ ಜಾಸ್ತಿ ಜನಕ್ಕಿದೆ. ವಾಟ್ಸಾಪ್ ಫೈಲನ್ನು ಕುಗ್ಗಿಸುತ್ತದೆ, ಯಾವಾಗ ಎಲ್ಲಿ ತೆಗೆದದ್ದು ಅನ್ನುವ ಮಾಹಿತಿಯೂ ಹೋಗುತ್ತದೆ. ನಾಳೆ ಕೋರ್ಟಿನಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಡಿಜಿಟಲ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮೂಲ ಫೈಲು ಇದ್ದರೆ ಆ ಕೆಲಸ ಸುಲಭ. ಮೆಮೊರಿ ಕಾರ್ಡಿನಲ್ಲೇ ಬಿಡಿ, ಇನ್ನೊಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿ ಮನೆಯಲ್ಲಿಡಿ.

ಎಷ್ಟು ದಿನ ಇಡಬೇಕು? ಸಿವಿಲ್ ಮಾನನಷ್ಟ ದಾವೆಗೆ ಕಾಲಮಿತಿ ಒಂದು ವರ್ಷ, ಕ್ರಿಮಿನಲ್ ದೂರಿಗೆ ಮೂರು ವರ್ಷ. ಹಾಗಾಗಿ ಕಡಿಮೆ ಅಂದರೂ ಮೂರು ವರ್ಷ ಇಡಿ.

ಆಮೇಲೆ ಎದುರು ಪಕ್ಷದ ಮಾತು. "ಸಂಪರ್ಕಕ್ಕೆ ಸಿಗಲಿಲ್ಲ" ಅಂತ ಬರೆದು ಮುಗಿಸುವುದು ನಮ್ಮಲ್ಲಿ ರೂಢಿ, ಅದು ಸಾಲದು. ಪ್ರಶ್ನೆಯನ್ನು ಬರೆದೇ ಕಳಿಸಿ. ಉದಾಹರಣೆಗೆ ಹೀಗೆ:

"ನಮಸ್ಕಾರ ಸರ್. ನಮ್ಮೂರಿನ ಸಿಸಿ ರಸ್ತೆ ಕಾಮಗಾರಿ ಬಗ್ಗೆ ವರದಿ ಮಾಡುತ್ತಿದ್ದೇನೆ. ಅಂದಾಜು ಪಟ್ಟಿಯಲ್ಲಿ ಆರು ಇಂಚು ದಪ್ಪ ಅಂತ ಇದೆ, ಸ್ಥಳದಲ್ಲಿ ಅಳೆದಾಗ ಮೂರು ಇಂಚು ಬಂದಿದೆ. ಇದಕ್ಕೆ ನಿಮ್ಮ ಉತ್ತರ ಬೇಕು. ನಾಳೆ ಸಂಜೆ 5 ಗಂಟೆಯೊಳಗೆ ತಿಳಿಸಿದರೆ ಅದನ್ನೂ ಸೇರಿಸಿ ಪ್ರಕಟಿಸುತ್ತೇನೆ."

ಇಷ್ಟು ಸಾಕು. ಬ್ಲೂ ಟಿಕ್ ಬಂದ ಮೇಲೆ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋಲ್ಡರಿಗೆ ಹಾಕಿ. ಉತ್ತರ ಬಂದರೆ ಅದು ಎಷ್ಟೇ ಸಿಟ್ಟಿನದಾಗಿದ್ದರೂ ಸೇರಿಸಿ ಪ್ರಕಟಿಸಿ. ಮಾನನಷ್ಟದ ಕಾನೂನಿನಲ್ಲಿ ನಿಮ್ಮ ಕೈಹಿಡಿಯುವುದು ಮುಖ್ಯವಾಗಿ ಎರಡು ವಿಷಯ. ಹೇಳಿದ್ದು ಸತ್ಯ ಮತ್ತು ಅದರಿಂದ ಸಾರ್ವಜನಿಕರಿಗೆ ಒಳ್ಳೆಯದಿದೆ ಅನ್ನುವುದು ಒಂದು, ನೀವು ಒಳ್ಳೆಯ ನಂಬಿಕೆಯಿಂದ, ಸಾಕಷ್ಟು ವಿಚಾರಿಸಿ ಬರೆದಿರಿ ಅನ್ನುವುದು ಇನ್ನೊಂದು. ಎರಡಕ್ಕೂ ಈ ಒಂದು ಮೆಸೇಜು ಸಾಕ್ಷಿ ಹೇಳುತ್ತದೆ.

ಫೈಲು ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಪ್ರದೇಶದ ಮಿರ್ಜಾಪುರದ ಪ್ರಕರಣ ನೋಡಿ. 2019ರ ಆಗಸ್ಟ್‌ನಲ್ಲಿ ಪವನ್ ಜೈಸ್ವಾಲ್ ಅನ್ನುವ ವರದಿಗಾರ ಹಳ್ಳಿ ಶಾಲೆಯೊಂದರಲ್ಲಿ ಬಿಸಿಯೂಟಕ್ಕೆ ಮಕ್ಕಳಿಗೆ ರೊಟ್ಟಿ ಮತ್ತು ಉಪ್ಪು ಕೊಡುತ್ತಿದ್ದುದನ್ನು ವಿಡಿಯೊ ಮಾಡಿದರು. ಅದು ದೇಶವೆಲ್ಲ ಓಡಾಡಿತು. ಕೆಲವೇ ದಿನಗಳಲ್ಲಿ ಕೇಸು ಬಿದ್ದಿದ್ದು ಅವರ ಮೇಲೆಯೇ: ಸರ್ಕಾರದ ಹೆಸರು ಕೆಡಿಸಲು ಸಂಚು, ವಂಚನೆ ಅಂತೆಲ್ಲ. ಮುದ್ರಣ ಪತ್ರಿಕೆಯವರು ಫೋಟೊ ತೆಗೆಯಬೇಕಿತ್ತು, ವಿಡಿಯೊ ಯಾಕೆ ಮಾಡಿದರು ಅಂತ ಅಲ್ಲಿನ ಜಿಲ್ಲಾಧಿಕಾರಿ ಕ್ಯಾಮೆರಾ ಮುಂದೆ ಕೇಳಿದರು. ಪ್ರೆಸ್ ಕೌನ್ಸಿಲ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಡಿಸೆಂಬರ್ ಹೊತ್ತಿಗೆ ಪೊಲೀಸರು ಅವರ ಹೆಸರನ್ನು ಪ್ರಕರಣದಿಂದ ಕೈಬಿಟ್ಟರು. ಅಷ್ಟು ತಿಂಗಳು ಆ ಮನುಷ್ಯ ಬದುಕಿದ್ದು ಕೇಸಿನ ಕೆಳಗೆ. ಶಾಲೆಯಂಥ ಜಾಗಕ್ಕೆ ಹೋಗುವಾಗ ಯಾರು ಕರೆದರು, ಯಾವ ಅಧಿಕಾರಿಗೆ ತಿಳಿಸಿ ಹೋದಿರಿ ಅನ್ನುವುದರ ಗುರುತು ಫೋನಿನಲ್ಲಿ ಇರಲಿ.

ಎರಡು: ಹುಟ್ಟುಹಬ್ಬದ ಜಾಹೀರಾತಿನ ಲೆಕ್ಕ

ನಮ್ಮ ಕಡೆ ಇದು ಗೊತ್ತಿರುವ ಗುಟ್ಟು. ಶಾಸಕರ ಹುಟ್ಟುಹಬ್ಬಕ್ಕೆ, ದೀಪಾವಳಿಗೆ, ರಾಜ್ಯೋತ್ಸವಕ್ಕೆ ಅರ್ಧ ಪುಟದ ಶುಭಾಶಯ ಹಾಕಿಸುವವರು ಅವರ ಅಭಿಮಾನಿಗಳು, ಗುತ್ತಿಗೆದಾರರು. ಆ ಜಾಹೀರಾತು ತರುವವರು ಅದೇ ವರದಿಗಾರರು, ಅದರ ಕಮಿಷನ್ನೇ ಅವರ ಸಂಬಳ. ಸೋಮವಾರ ಯಾರ ರಸ್ತೆ ಕಳಪೆ ಅಂತ ಬರೆಯಬೇಕೋ ಶುಕ್ರವಾರ ಅವರ ಮನೆ ಮುಂದೆ ಜಾಹೀರಾತಿಗೆ ನಿಲ್ಲಬೇಕು. ಈ ವ್ಯವಸ್ಥೆಯನ್ನು ಕಟ್ಟಿದವರು ಪತ್ರಿಕೆಗಳ ಮಾಲೀಕರೇ. ತಾಲ್ಲೂಕಿನ ವರದಿಗಾರನನ್ನು ಭ್ರಷ್ಟ ಅಂತ ಬೈಯುವವರು ಇದನ್ನು ಮೊದಲು ನೋಡಬೇಕು.

ನಿಮ್ಮದೇ ಪತ್ರಿಕೆ ಅಥವಾ ಚಾನೆಲ್ ಇದ್ದರೆ ಇಷ್ಟು ಮಾಡಿ. ಜಾಹೀರಾತು ತರುವ ಕೆಲಸವನ್ನು ಸುದ್ದಿ ಬರೆಯದ ಒಬ್ಬರಿಗೆ ಕೊಡಿ, ಮನೆಯವರಾದರೂ ಸರಿ. ದರಪಟ್ಟಿ ಅಚ್ಚು ಹಾಕಿಸಿ, ಎಲ್ಲರಿಗೂ ಅದೇ ದರ, ರಸೀದಿ ಕೊಡದೆ ಹಣ ತೆಗೆದುಕೊಳ್ಳಬೇಡಿ. ಯಾಕೆಂದರೆ ನಾಳೆ ನಿಮ್ಮ ಮೇಲೆ ಬರುವ ಮೊದಲ ಆರೋಪ "ದುಡ್ಡು ಕೇಳಿದ್ದ, ಕೊಡದಿದ್ದಕ್ಕೆ ಬರೆದ" ಅನ್ನುವುದು. ಸುಲಿಗೆಯ ಕೇಸು ಹಾಕಲು ಇದೇ ಸುಲಭದ ದಾರಿ. ಆರೋಪದ ಸುದ್ದಿ ಕೈಯಲ್ಲಿರುವಾಗ ಆ ವ್ಯಕ್ತಿಯಿಂದ ಜಾಹೀರಾತನ್ನು ಮುಟ್ಟಲೇಬೇಡಿ. ಅವರಾಗಿಯೇ ಕೊಡಲು ಬಂದರೆ ಇನ್ನೂ ದೂರ.

ಉಡುಗೊರೆಯೂ ಹಾಗೇ. 2022ರ ದೀಪಾವಳಿಗೆ ಆಗಿನ ಮುಖ್ಯಮಂತ್ರಿ ಕಚೇರಿ ಕಡೆಯಿಂದ ಕೆಲವು ಪತ್ರಕರ್ತರಿಗೆ ಹೋದ ಸಿಹಿ ಡಬ್ಬಿಗಳಲ್ಲಿ ಲಕ್ಷಗಟ್ಟಲೆ ನಗದು ಇತ್ತು ಅನ್ನುವ ಆರೋಪ ಬಂತು, ಲೋಕಾಯುಕ್ತಕ್ಕೆ ದೂರೂ ಹೋಯಿತು. ಮುಖ್ಯಮಂತ್ರಿ ಅದನ್ನು ಅಲ್ಲಗಳೆದರು. ಡಬ್ಬಿ ತೆರೆದು ನೋಡಿ ವಾಪಸ್ ಕಳಿಸಿದ ವರದಿಗಾರರಿಂದಲೇ ಆ ಸುದ್ದಿ ಹೊರಗೆ ಬಂದದ್ದು ಅಂತ ವರದಿಯಾಗಿತ್ತು. ಅಂಥದ್ದು ನಿಮ್ಮ ಬಾಗಿಲಿಗೆ ಬಂದರೆ ವಾಪಸ್ ಕೊಡಿ, ಕೊಟ್ಟೆ ಅನ್ನುವುದನ್ನು ಅದೇ ದಿನ ಮೆಸೇಜಿನಲ್ಲಿ ಬರೆದು ಸಂಪಾದಕರಿಗೂ ಒಂದು ಪ್ರತಿ ಕಳಿಸಿ.

ಮೂರು: ಫೋನ್ ಬಂದಾಗ

ವಾದ ಮಾಡಬೇಡಿ. ಸಿಟ್ಟಿಗೆ ಬರಬೇಡಿ. "ಆಯ್ತು ನೋಡೋಣ" ಅಂತಲೂ ಅನ್ನಬೇಡಿ, ಅದನ್ನು ಒಪ್ಪಿಗೆ ಅಂತಲೇ ತಿಳಿಯುತ್ತಾರೆ. ಕೇಳಬೇಕಾದ್ದು ಒಂದೇ ಪ್ರಶ್ನೆ: "ಸುದ್ದಿಯಲ್ಲಿ ಯಾವ ಸಾಲು ತಪ್ಪಿದೆ, ಹೇಳಿ." ನಿಜವಾಗಿಯೂ ತಪ್ಪಿದ್ದರೆ ಅವರು ಸಾಲು ತೋರಿಸುತ್ತಾರೆ. ಇಲ್ಲದಿದ್ದರೆ ಮಾತು "ಊರಲ್ಲಿ ಇರ್ಬೇಕಲ್ವಾ ನೀನು" ಅನ್ನುವ ಕಡೆ ಹೊರಳುತ್ತದೆ. ಅಲ್ಲಿಗೆ ಅದು ಒತ್ತಡ ಅನ್ನುವುದು ಖಾತ್ರಿ.

ಫೋನ್ ಇಟ್ಟ ಹತ್ತು ನಿಮಿಷದಲ್ಲಿ ಅದೇ ನಂಬರಿಗೆ ಮೆಸೇಜ್ ಹಾಕಿ:

"ಸರ್, ಇವತ್ತು ಬೆಳಿಗ್ಗೆ 10.40ಕ್ಕೆ ತಾವು ಫೋನ್ ಮಾಡಿ ರಸ್ತೆ ಕಾಮಗಾರಿಯ ವರದಿ ತೆಗೆಯುವಂತೆ ತಿಳಿಸಿದಿರಿ. ವರದಿಯಲ್ಲಿ ಯಾವ ಅಂಶ ತಪ್ಪಿದೆ ಅಂತ ಬರೆದು ಕಳಿಸಿದರೆ ಪರಿಶೀಲಿಸಿ, ತಪ್ಪಿದ್ದರೆ ತಿದ್ದುಪಡಿ ಹಾಕುತ್ತೇವೆ."

ಇದರಲ್ಲಿ ಬೈಗುಳ ಇಲ್ಲ, ಹೆದರಿಕೆಯೂ ಇಲ್ಲ. ಆದರೆ ಕರೆ ಬಂದದ್ದು, ಏನು ಕೇಳಿದರು, ನೀವು ಏನು ಅಂದಿರಿ ಎಲ್ಲ ದಾಖಲಾಯಿತು. ಉತ್ತರ ಬಾರದಿದ್ದರೆ ಅದೂ ಒಂದು ದಾಖಲೆಯೇ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ, ನಂಬರು, ಆಡಿದ ಮಾತು ಇದ್ದ ಹಾಗೇ ಬರೆದಿಡಿ. ನೀವೇ ಮಾತಾಡಿದ ಕರೆಯ ರೆಕಾರ್ಡಿಂಗ್ ಇದ್ದರೆ ಜೋಪಾನ ಮಾಡಿ, ವಕೀಲರನ್ನು ಕೇಳದೆ ಪ್ರಸಾರ ಮಾಡಬೇಡಿ.

ಕರೆ ಶಾಸಕರಿಂದ ಬಾರದೆ ನಿಮ್ಮದೇ ಬ್ಯೂರೊ ಮುಖ್ಯಸ್ಥರಿಂದ ಬಂದರೆ? ಇದೇ ಜಾಸ್ತಿ ನಡೆಯುವುದು, ನೋವಾಗುವುದೂ ಇದೇ. ಆಗಲೂ ಅದೇ ಉಪಾಯ. "ಸರ್, ವರದಿ ತಡೆಹಿಡಿಯಲು ಹೇಳಿದ್ದೀರಿ, ಏನು ಬದಲಾವಣೆ ಬೇಕು ತಿಳಿಸಿ" ಅಂತ ಇಮೇಲ್ ಕಳಿಸಿ. ನಾಳೆ ಸುದ್ದಿ ತಡವಾಗಿದ್ದಕ್ಕೋ, ಬಾರದಿದ್ದಕ್ಕೋ ನಿಮ್ಮ ತಲೆಗೆ ಕಟ್ಟುವುದು ತಪ್ಪುತ್ತದೆ. ಸಂಸ್ಥೆ ನಿಮಗೆ ನೇಮಕಾತಿ ಪತ್ರ ಕೊಟ್ಟಿಲ್ಲವಾದರೆ ಗುರುತಿನ ಚೀಟಿ, ಸುದ್ದಿಗೆ ಕೊಟ್ಟ ಹಣದ ಬ್ಯಾಂಕ್ ವಿವರ, ಬೈಲೈನ್ ಬಂದ ಪುಟಗಳು ಎಲ್ಲವನ್ನೂ ಇಟ್ಟುಕೊಳ್ಳಿ. ಕೇಸು ಬಿದ್ದ ದಿನ "ಅವರು ನಮ್ಮ ವರದಿಗಾರರೇ ಅಲ್ಲ" ಅಂತ ಕೈತೊಳೆದುಕೊಳ್ಳುವ ಸಂಸ್ಥೆಗಳಿವೆ.

ನಾಲ್ಕು: ವಕೀಲರ ನೋಟಿಸು, ತಡೆಯಾಜ್ಞೆ

ನೋಟಿಸು ಬಂತು ಅಂದರೆ ಕೇಸು ಬಿತ್ತು ಅಂತ ಅರ್ಥ ಅಲ್ಲ. ಕೋಟಿ ರೂಪಾಯಿ ಪರಿಹಾರ ಅಂತ ಬರೆದಿರುತ್ತಾರೆ, ಆ ಅಂಕಿ ನೋಡಿ ಹೆದರಬೇಡಿ. ಮಾಡಬಾರದ್ದು ಎರಡು: ಸಿಟ್ಟಿನಲ್ಲಿ ನೀವೇ ಉತ್ತರ ಬರೆಯುವುದು, ಹೆದರಿ ಸುದ್ದಿ ಅಳಿಸುವುದು. ಅಳಿಸಿದರೆ ತಪ್ಪು ಒಪ್ಪಿಕೊಂಡಂತೆ ವಾದಿಸುತ್ತಾರೆ. ಆದರೆ ಫೈಲು ತೆಗೆದು ನೋಡಿದಾಗ ನಿಜಕ್ಕೂ ತಪ್ಪಾಗಿದ್ದರೆ, ಸುದ್ದಿ ಬಂದ ಜಾಗದಲ್ಲೇ ಅಷ್ಟೇ ಎದ್ದು ಕಾಣುವಂತೆ ತಿದ್ದುಪಡಿ ಹಾಕಿ. ತಿದ್ದಿಕೊಳ್ಳುವವರ ಮಾತಿಗೆ ಕೋರ್ಟಿನಲ್ಲೂ ಬೆಲೆ ಇದೆ, ಓದುಗರಲ್ಲೂ ಇದೆ.

2024ರ ಜುಲೈ 1ರಿಂದ ಸೆಕ್ಷನ್ ನಂಬರುಗಳು ಬದಲಾಗಿವೆ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356. ಎರಡು ವರ್ಷದವರೆಗೆ ಸಾದಾ ಜೈಲು, ದಂಡ ಅಥವಾ ಸಮುದಾಯ ಸೇವೆ. ಇದಕ್ಕೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಅಂತ ಹೇಳುವ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ರ ಪ್ರಕಾರ, ದೂರನ್ನು ವಿಚಾರಣೆಗೆ ತೆಗೆದುಕೊಳ್ಳುವ ಮೊದಲೇ ನಿಮ್ಮ ಮಾತು ಹೇಳಲು ಅವಕಾಶ ಕೊಡಬೇಕು. ಹಳೆಯ ಕಾನೂನಿನಲ್ಲಿ ಇದಿರಲಿಲ್ಲ. ಈ ಅವಕಾಶವನ್ನು ಬಿಡಬೇಡಿ, ಫೈಲು ತೋರಿಸಬೇಕಾದ ಜಾಗ ಇದೇ.

ಸೋತರೆ ಏನಾಗುತ್ತದೆ ಅನ್ನುವುದೂ ಗೊತ್ತಿರಲಿ. ಬಿಜೆಪಿ ಮುಖಂಡರ ಬಗ್ಗೆ ಬರೆದ ವರದಿಗೆ ಸಂಬಂಧಿಸಿ 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿ ಕೋರ್ಟು ಗೌರಿ ಲಂಕೇಶ್ ಅವರಿಗೆ ಆರು ತಿಂಗಳ ಶಿಕ್ಷೆ ಕೊಟ್ಟಿತ್ತು. ಪತ್ರಿಕೆ ಬೆಂಗಳೂರಿನದು, ಕೇಸು ಹುಬ್ಬಳ್ಳಿಯದು. ದೂರದ ಊರಿನಲ್ಲಿ ದೂರು ಹಾಕಿ ಓಡಾಡಿಸುವುದೇ ಅರ್ಧ ಶಿಕ್ಷೆ. ಹಾಗಾಗಿ ಕೇಸು ಎಲ್ಲಿದೆಯೋ ಆ ಊರಿನಲ್ಲೇ ಒಬ್ಬ ವಕೀಲರನ್ನು ಹಿಡಿಯಿರಿ, ಪ್ರತಿ ದಿನಾಂಕಕ್ಕೂ ಖುದ್ದು ಹಾಜರಾತಿಯಿಂದ ವಿನಾಯಿತಿ ಕೇಳಿ ಅರ್ಜಿ ಹಾಕಿಸಿ. ಒಂದು ದಿನಾಂಕ ತಪ್ಪಿಸಿಕೊಂಡರೂ ವಾರಂಟ್ ಬರಬಹುದು.

ಈಗ ತಡೆಯಾಜ್ಞೆ. ಪ್ರಭಾವಿಗಳು ಈಚೆಗೆ ಜಾಸ್ತಿ ಬಳಸುವ ಅಸ್ತ್ರ ಇದು. ನಿಮಗೆ ಗೊತ್ತೇ ಇಲ್ಲದಂತೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಹೋಗಿ, ಹತ್ತಾರು ಮಾಧ್ಯಮಗಳ ಹೆಸರು ಬರೆದು, ಏಕಪಕ್ಷೀಯ ಆದೇಶ ತರುತ್ತಾರೆ. 2019ರ ಲೋಕಸಭಾ ಚುನಾವಣೆ ಹೊತ್ತಿನಲ್ಲಿ ಬೆಂಗಳೂರು ದಕ್ಷಿಣದ ಅಭ್ಯರ್ಥಿ ತೇಜಸ್ವಿ ಸೂರ್ಯ ಹೀಗೆ ತಂದಿದ್ದ ಆದೇಶವನ್ನು ಹೈಕೋರ್ಟ್ ತೆಗೆದುಹಾಕಿತು. 2021ರ ಮಾರ್ಚ್‌ನಲ್ಲಿ ಆಗಿನ ಆರು ಸಚಿವರು ಒಟ್ಟಿಗೆ ಹೋಗಿ ಆದೇಶ ತಂದರು. 2025ರಲ್ಲಿ ಧರ್ಮಸ್ಥಳದ ವಿಷಯದಲ್ಲಿ 8 ಸಾವಿರಕ್ಕೂ ಹೆಚ್ಚು ಲಿಂಕ್ ತೆಗೆಯುವಂಥ ಆದೇಶ ಬಂದಾಗ 'ಕುಡ್ಲ ರಾಂಪೇಜ್' ಅನ್ನುವ ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಯಿತು. ಆಗಸ್ಟ್ 1ರಂದು ಅವರ ಮಟ್ಟಿಗೆ ಆದೇಶ ರದ್ದಾಯಿತು. ಸಣ್ಣ ಚಾನೆಲ್ ಕೂಡ ಗೆಲ್ಲಬಹುದು ಅನ್ನುವುದಕ್ಕೆ ಇದನ್ನು ಹೇಳುತ್ತಿದ್ದೇನೆ.

ಇಲ್ಲಿ ನಿಮ್ಮ ಕೈಲಾಗುವುದು ಕೇವಿಯಟ್, ಅಂದರೆ ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಅಂತ ಕೋರ್ಟಿಗೆ ಮೊದಲೇ ಕೊಡುವ ಅರ್ಜಿ. ದೊಡ್ಡ ಸುದ್ದಿ ಹಾಕುತ್ತಿದ್ದೀರಿ, ಅವರು ಕೋರ್ಟಿಗೆ ಹೋಗಬಹುದು ಅನ್ನಿಸಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಅಡಿ ಮೊದಲೇ ಕೇವಿಯಟ್ ಹಾಕಿಡಿ. 90 ದಿನ ಜೀವ ಇರುತ್ತದೆ. ಆ ಅವಧಿಯಲ್ಲಿ ನಿಮಗೆ ತಿಳಿಸದೆ ಆದೇಶ ಕೊಡುವಂತಿಲ್ಲ. ಖರ್ಚು ಕಡಿಮೆ. ಆದೇಶ ಈಗಾಗಲೇ ಬಂದಿದ್ದರೆ ಆರ್ಡರ್ 39, ರೂಲ್ 4ರ ಅಡಿ ತೆರವಿಗೆ ಅರ್ಜಿ ಹಾಕಿಸಿ. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ವಿರುದ್ಧ ಝೀ ಪ್ರಕರಣದಲ್ಲಿ, ವಿಚಾರಣೆಗೆ ಮೊದಲೇ ಸುದ್ದಿಗೆ ತಡೆ ಕೊಡುವುದು ತೀರಾ ಅಪರೂಪಕ್ಕೆ ಮಾತ್ರ ಆಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ವಕೀಲರಿಗೆ ಇದನ್ನು ನೆನಪಿಸಿ. ಆದೇಶ ಇರುವವರೆಗೆ ಮಾತ್ರ ಅದನ್ನು ಮೀರಬೇಡಿ, ನ್ಯಾಯಾಂಗ ನಿಂದನೆ ಮೈಮೇಲೆ ಬರುತ್ತದೆ.

ಐದು: ಠಾಣೆಯಿಂದ ಕರೆ

"ಸುಮ್ನೆ ಒಂದ್ಸಲ ಬಂದು ಹೋಗಿ, ಸಾಹೇಬ್ರು ಮಾತಾಡ್ಬೇಕಂತೆ." ಈ ಕರೆಗೆ ಹೋಗಬೇಡಿ. ಮರ್ಯಾದೆಯಿಂದ ಹೇಳಿ: "ನೋಟಿಸ್ ಕೊಡಿ ಸರ್, ಖಂಡಿತ ಬರುತ್ತೇನೆ." ಆರೋಪಿ ಅಂತ ಕರೆದರೆ ಸುರಕ್ಷಾ ಸಂಹಿತೆಯ 35(3), ಸಾಕ್ಷಿ ಅಂತ ಕರೆದರೆ 179, ದಾಖಲೆ ಬೇಕಾದರೆ 94. ನೋಟಿಸಿನಲ್ಲಿ ಯಾವ ಸೆಕ್ಷನ್ ಇದೆ ನೋಡಿದರೆ ನೀವು ಯಾವ ಸ್ಥಾನದಲ್ಲಿದ್ದೀರಿ ತಿಳಿಯುತ್ತದೆ. 35ರ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಕಡೆಗಣಿಸಬೇಡಿ, ಬಂದ ಕೂಡಲೇ ವಕೀಲರಿಗೆ ತೋರಿಸಿ. ಸಾಕ್ಷಿಯಾಗಿ ಕರೆದವರು ಹೆಂಗಸರಾದರೆ ಅಥವಾ 60 ದಾಟಿದವರಾದರೆ ಠಾಣೆಗೆ ಹೋಗಬೇಕಿಲ್ಲ, ಪೊಲೀಸರೇ ಮನೆಗೆ ಬರಬೇಕು.

ಎಫ್‌ಐಆರ್ ಆಗಿದೆಯಾ ಅಂತ ಕರ್ನಾಟಕ ಪೊಲೀಸ್ ವೆಬ್‌ಸೈಟಿನಲ್ಲಿ ನೋಡಿ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವನ್ನು 24 ಗಂಟೆಯಲ್ಲಿ ಹಾಕಬೇಕು ಅನ್ನುವುದು 2016ರ ಸುಪ್ರೀಂ ಕೋರ್ಟ್ ಆದೇಶ. ಆಗಿದ್ದರೆ ಅದೇ ದಿನ ಜಿಲ್ಲಾ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನಿಗೆ (ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು) ಅರ್ಜಿ ತಯಾರು ಮಾಡಿಸಿ. ಶುಕ್ರವಾರ ಸಂಜೆ ಬಂಧಿಸಿದರೆ ಶನಿವಾರ ಭಾನುವಾರ ಒಳಗೇ ಕಳೆಯಬೇಕಾಗಬಹುದು, ಇದು ವಕೀಲರಿಗೆಲ್ಲ ಗೊತ್ತಿರುವ ಆಟ.

ಬಂಧಿಸಲು ಬಂದರೆ ಬಂಧನದ ಕಾರಣವನ್ನು ಬರಹದಲ್ಲಿ ಕೇಳಿ. ನ್ಯೂಸ್‌ಕ್ಲಿಕ್ ಸಂಪಾದಕ ಪ್ರಬೀರ್ ಪುರಕಾಯಸ್ಥ ಅವರನ್ನು 2024ರ ಮೇ 15ರಂದು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿದ್ದೇ ಈ ಒಂದು ಕಾರಣಕ್ಕೆ, ಲಿಖಿತ ಕಾರಣ ಕೊಟ್ಟಿರಲಿಲ್ಲ ಅಂತ. ಯುಎಪಿಎಯಂಥ ಕಠಿಣ ಕಾಯ್ದೆಯ ಕೇಸಿನಲ್ಲೇ ಅದು ಆಯಿತು ಅನ್ನುವುದನ್ನು ಮರೆಯಬೇಡಿ. ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು. ಬರೀ ಸರ್ಕಾರವನ್ನು ಟೀಕಿಸಿದ್ದಕ್ಕೆ ಪತ್ರಕರ್ತರ ಮೇಲೆ ಕ್ರಿಮಿನಲ್ ಕೇಸು ಹಾಕಬಾರದು ಅಂತ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದೇ ಸುದ್ದಿಗೆ ಬೇರೆ ಬೇರೆ ಊರಲ್ಲಿ ಎಫ್‌ಐಆರ್ ಬಿದ್ದರೆ ಒಂದೇ ಕಡೆ ವಿಚಾರಣೆ ಆಗಲಿ ಅಂತ ಕೇಳಲು 2020ರ ಅರ್ನಬ್ ಗೋಸ್ವಾಮಿ ತೀರ್ಪು ಇದೆ. ಆ ಮನುಷ್ಯನ ಪತ್ರಿಕೋದ್ಯಮ ನಿಮಗೆ ಹಿಡಿಸದೆ ಇರಬಹುದು, ತೀರ್ಪು ಎಲ್ಲರದೂ.

ಫೋನು ಕೇಳಿದರೆ? ಇದು ತೀರಾ ಸೂಕ್ಷ್ಮ, ಯಾಕೆಂದರೆ ಫೋನಿನಲ್ಲಿ ಇರುವುದರಿಂದ ನಿಮ್ಮ ಜೊತೆಗೆ ನಿಮಗೆ ಮಾಹಿತಿ ಕೊಟ್ಟ ಗುಮಾಸ್ತರ ಕೆಲಸಕ್ಕೂ ಕುತ್ತು ಬರಬಹುದು. ನಮ್ಮದೇ ಹೈಕೋರ್ಟ್ 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ, ಫೋನ್ ಶೋಧಿಸಲು ಸರ್ಚ್ ವಾರಂಟ್ ಬೇಕು, ತುರ್ತಿದ್ದರೆ ಕಾರಣ ಬರೆದಿಡಬೇಕು ಅಂದಿದೆ. ಕಸಿದುಕೊಂಡರೆ ಜಗಳಕ್ಕೆ ಇಳಿಯಬೇಡಿ. ಮಹಜರಿನ (ಏನೇನು ವಶಪಡಿಸಿಕೊಂಡರು ಅನ್ನುವ ದಾಖಲೆ) ಪ್ರತಿ ಕೇಳಿ, ಅದರಲ್ಲಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ಬರೆಸಿ, ನಿಮ್ಮ ಮುಂದೆಯೇ ಸೀಲ್ ಮಾಡಿಸಿ, ವಶಕ್ಕೆ ಪಡೆಯುವುದನ್ನು ವಿಡಿಯೊ ಮಾಡಲು ಸುರಕ್ಷಾ ಸಂಹಿತೆಯ 105 ಹೇಳುತ್ತದೆ ಅಂತ ನೆನಪಿಸಿ. ಇದೆಲ್ಲ ಆಮೇಲಿನ ಮಾತು. ಮೊದಲೇ ಮಾಡಬೇಕಾದ್ದು: ಬೆರಳಚ್ಚು, ಮುಖ ತೋರಿಸಿ ತೆರೆಯುವ ಲಾಕ್ ತೆಗೆದು ಉದ್ದನೆಯ ಪಿನ್ ಹಾಕಿ. ಮೂಲಗಳ ಜೊತೆ ಸಿಗ್ನಲ್‌ನಲ್ಲಿ ತಾನಾಗಿ ಅಳಿಯುವ ಮೆಸೇಜ್ ಬಳಸಿ. ಅವರ ನಿಜ ಹೆಸರು ಕಾಂಟ್ಯಾಕ್ಟಿನಲ್ಲಿ ಬೇಡ. ಸುದ್ದಿಯ ಮೂಲವನ್ನು ಕೋರ್ಟಿನಲ್ಲಿ ಹೇಳದಿರಲು ಹಕ್ಕು ಕೊಡುವ ಕಾನೂನು ನಮ್ಮಲ್ಲಿಲ್ಲ. 1983ರಲ್ಲೇ ಕಾನೂನು ಆಯೋಗ ತನ್ನ 93ನೇ ವರದಿಯಲ್ಲಿ ಶಿಫಾರಸು ಮಾಡಿತ್ತು, ಯಾವ ಸರ್ಕಾರವೂ ಜಾರಿ ಮಾಡಲಿಲ್ಲ. ಹಾಗಾಗಿ ಮೂಲವನ್ನು ಕಾಪಾಡುವುದು ನಿಮ್ಮ ಜಾಗರೂಕತೆಯೇ. ಆದರೆ ನೋಟಿಸ್ ಬಂದ ಮೇಲೆ ಏನನ್ನೂ ಅಳಿಸಬೇಡಿ. ಅದು ಸಾಕ್ಷ್ಯ ನಾಶವಾಗುತ್ತದೆ.

ಆರು: ವಿಡಿಯೊ ಮಾಯವಾದರೆ

ಐಟಿ ಕಾಯ್ದೆಯ 69ಎ ಅಥವಾ 79(3)(ಬಿ) ಅಡಿ ಇಂಥದ್ದನ್ನು ತೆಗೆಯಿರಿ ಅಂತ ಸರ್ಕಾರ ನೇರವಾಗಿ ಯೂಟ್ಯೂಬ್, ಎಕ್ಸ್ ಸಂಸ್ಥೆಗಳಿಗೆ ಬರೆಯುತ್ತದೆ. ಇದಕ್ಕಾಗಿ ಕೇಂದ್ರ ಸರ್ಕಾರ ಮಾಡಿರುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ ಸಂಸ್ಥೆ ಹಾಕಿದ್ದ ಅರ್ಜಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟೇ ವಜಾ ಮಾಡಿತು. ಹಾಗಾಗಿ ಈ ದಾರಿ ಸದ್ಯಕ್ಕೆ ಸರ್ಕಾರಕ್ಕೆ ಸುಲಭ. ಪ್ಲಾಟ್‌ಫಾರ್ಮ್ ಕಳಿಸಿದ ಇಮೇಲ್ ಉಳಿಸಿಕೊಳ್ಳಿ, ಯಾವ ಅಧಿಕಾರಿ, ಯಾವ ಸೆಕ್ಷನ್ ಅಂತ ಬರೆದು ಕೇಳಿ, ಮೇಲ್ಮನವಿ ಹಾಕಿ. ಎಲ್ಲ ವಿಡಿಯೊಗಳ ಪ್ರತಿ ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ ಇರಲಿ. ಚಾನೆಲ್ಲೇ ಹೋದರೂ ಕೆಲಸ ಉಳಿಯುತ್ತದೆ.

ಏಳು: ಜೀವ ಬೆದರಿಕೆ ಬಂದರೆ

ಇಲ್ಲಿ ಧೈರ್ಯ ತೋರಿಸಲು ಹೋಗಬೇಡಿ. ಛತ್ತೀಸ್‌ಗಢದ ಬಿಜಾಪುರದಲ್ಲಿ ಮುಕೇಶ್ ಚಂದ್ರಾಕರ್ ಅನ್ನುವ ವರದಿಗಾರ, 'ಬಸ್ತರ್ ಜಂಕ್ಷನ್' ಅನ್ನುವ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದವರು, 2025ರ ಜನವರಿ 1ರ ಸಂಜೆ ಮನೆಯಿಂದ ಹೋದವರು ಬರಲಿಲ್ಲ. ಎರಡು ದಿನ ಬಿಟ್ಟು ಶವ ಸೆಪ್ಟಿಕ್ ಟ್ಯಾಂಕಿನಲ್ಲಿ ಸಿಕ್ಕಿತು. ಕಳಪೆ ರಸ್ತೆಯ ಬಗ್ಗೆ ವರದಿ ಬಂದಿತ್ತು, ಬಂಧಿತರಾದವರಲ್ಲಿ ಆ ರಸ್ತೆಯ ಗುತ್ತಿಗೆದಾರ ಇದ್ದಾನೆ. ರಸ್ತೆ ಸುದ್ದಿ. ನಾವೆಲ್ಲ ವಾರಕ್ಕೊಂದು ಬರೆಯುವಂಥದ್ದು.

ಎಲ್ಲಿಗೆ, ಯಾರನ್ನು ನೋಡಲು ಹೋಗುತ್ತಿದ್ದೀರಿ ಅಂತ ಮನೆಯಲ್ಲೊಬ್ಬರಿಗೆ, ಹೊರಗೊಬ್ಬರಿಗೆ ಹೇಳಿ ಹೋಗಿ. ಲೈವ್ ಲೊಕೇಶನ್ ಹಂಚಿಕೊಳ್ಳಿ. "ಬನ್ನಿ ಕೂತು ಮಾತಾಡಿ ಬಗೆಹರಿಸೋಣ" ಅಂದರೆ ಅವರ ತೋಟಕ್ಕೆ, ಗೋಡೌನಿಗೆ ಹೋಗಬೇಡಿ, ಹೋಟೆಲಿಗೆ ಕರೆಯಿರಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಬೆದರಿಕೆಗೆ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಹಿಂಬರಹ (ದೂರು ಬಂದಿದೆ ಅನ್ನುವ ಬರಹ) ಪಡೆಯಿರಿ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್ಪಿ ಕಚೇರಿಯ ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ, ಅಲ್ಲೂ ಆಗದಿದ್ದರೆ ಸುರಕ್ಷಾ ಸಂಹಿತೆಯ 173(4) ಅಡಿ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಿ.

ಯಾರ ಹತ್ತಿರ ಹೋಗಬೇಕು

ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘದ ಜಿಲ್ಲಾ ಘಟಕಕ್ಕೆ ಮೊದಲ ದಿನವೇ ಹೇಳಿ. ಸಂಘದೊಳಗೂ ರಾಜಕೀಯ ಇದೆ, ನಿಜ. ಆದರೆ ಹತ್ತು ಜನ ಒಟ್ಟಿಗೆ ಎಸ್ಪಿ ಕಚೇರಿ ಮುಂದೆ ನಿಂತರೆ ಆಗುವ ಕೆಲಸ ಒಬ್ಬರಿಂದ ಆಗುವುದಿಲ್ಲ. ಮುದ್ರಣ ಪತ್ರಿಕೆಯವರು ಅಧಿಕಾರಿಗಳ ಒತ್ತಡದ ವಿರುದ್ಧ ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು. ಅದಕ್ಕೆ ಶಿಕ್ಷೆ ಕೊಡುವ ಅಧಿಕಾರ ಇಲ್ಲ, ಟಿವಿ ಯೂಟ್ಯೂಬ್ ಅದರ ವ್ಯಾಪ್ತಿಗೆ ಬರುವುದೂ ಇಲ್ಲ, ಆದರೂ ಕೌನ್ಸಿಲ್‌ನಿಂದ ವಿವರಣೆ ಕೇಳಿ ಪತ್ರ ಬಂದರೆ ಅಧಿಕಾರಿ ಫೈಲು ತೆಗೆಯಲೇಬೇಕಾಗುತ್ತದೆ. ವಕೀಲರಿಗೆ ದುಡ್ಡಿಲ್ಲ ಅಂದರೆ ನಿಮ್ಮ ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಸಹಾಯವಾಣಿ 15100. ಈ ನಂಬರು, ವಕೀಲರ ನಂಬರು, ಸಂಘದ ಅಧ್ಯಕ್ಷರ ನಂಬರು ಮೂರನ್ನೂ ಕಾಗದದಲ್ಲಿ ಬರೆದು ಪರ್ಸಿನಲ್ಲಿಡಿ, ಮನೆಯವರಿಗೂ ಒಂದು ಪ್ರತಿ ಕೊಡಿ. ಫೋನು ವಶವಾದ ದಿನ ಒಂದು ನಂಬರೂ ಬಾಯಿಗೆ ಬರುವುದಿಲ್ಲ.

ನೀವು ಪತ್ರಕರ್ತರಲ್ಲ, ಬರೀ ಓದುಗರು, ಆದರೂ ಇಲ್ಲಿವರೆಗೆ ಓದಿದ್ದೀರಿ ಅಂದರೆ ನಿಮಗೂ ಕೆಲಸ ಇದೆ. ನಿಮ್ಮೂರಿನ ಸುದ್ದಿ ಇದ್ದಕ್ಕಿದ್ದಂತೆ ಮಾಯವಾದರೆ ಸಂಪಾದಕರಿಗೆ ಎರಡು ಸಾಲು ಬರೆದು ಯಾಕೆ ಅಂತ ಕೇಳಿ. ಊರಿನ ವಾರಪತ್ರಿಕೆಗೆ ವರ್ಷದ ಚಂದಾ ಕಟ್ಟಿ, ಹುಟ್ಟುಹಬ್ಬದ ಜಾಹೀರಾತಿಲ್ಲದೆ ಅದು ನಡೆಯಬೇಕಾದರೆ ಬೇರೆ ದಾರಿಯಿಲ್ಲ. ಸಾಧ್ಯವಾದರೆ ನಿಮ್ಮೂರಿನ ವರದಿಗಾರರ ಕೇಸಿನ ದಿನ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿ. ಕೋರ್ಟ್ ಹಾಲ್ ಎಲ್ಲರಿಗೂ ತೆರೆದಿರುತ್ತದೆ, ಯಾರ ಅನುಮತಿಯೂ ಬೇಕಿಲ್ಲ. ಮುಂದಿನ ದಿನಾಂಕ ಯಾವಾಗ ಅಂತ ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸ್ ನಂಬರು ಹಾಕಿದರೆ ಗೊತ್ತಾಗುತ್ತದೆ.